ಸೆರೆಮನೆಯೊಳಗಿನಿಂದ ಬಂದ ದಿನಚರಿ

ಕಲಬುರಗಿಯ ಕೇಂದ್ರ ಕಾರಾಗೃಹದ ಮುಂದೆ ಹಾದುಹೋಗುವವರಿಗೆ ಕಾಣುವುದು ಗೋಡೆ ಮಾತ್ರ. ಒಳಗೆ ಹೆಂಗಸರ ಬಾಳು ಹೇಗಿರುತ್ತದೆಂಬುದನ್ನು ಒಳಗಿದ್ದವಳೇ ಹೇಳಬೇಕು. ನಮ್ಮ ನಾಡಿನ ಸೆರೆಮನೆಯಿಂದ ಹಾಗೆ ಹೇಳಿದವರು ಶ್ರೀಮತಿ ಸ್ನೇಹಲತಾ ರೆಡ್ಡಿ.

1970ರ 'ಸಂಸ್ಕಾರ' ಚಿತ್ರದ ಚಂದ್ರಿಯೆಂದರೆ ವಾಚಕರಿಗೆ ಥಟ್ಟನೆ ನೆನಪಾದೀತು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧವಾಗಿ ಅವರ ಬಂಧನವಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಹೆಸರೇ ಇರಲಿಲ್ಲ; ಆದರೂ ಮೀಸಾ ಕಾಯಿದೆಯ ಕೆಳಗೆ ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿ ಎಂಟು ತಿಂಗಳು ಇರಬೇಕಾಯಿತು. ಉಬ್ಬಸದ ಬೇನೆ ಬೇರೆ.

ಅವರು ತಮ್ಮ ಕಷ್ಟವನ್ನಷ್ಟೇ ಎಣಿಸುತ್ತ ಕೂಡಲಿಲ್ಲ. ಹೊಸದಾಗಿ ಬಂದ ಹೆಂಗಸನ್ನು ಎಲ್ಲರೆದುರು ವಿವಸ್ತ್ರಗೊಳಿಸುವ ಪದ್ಧತಿಯನ್ನು ಇಂಗ್ಲಿಷಿನ ದಿನಚರಿಯಲ್ಲಿ ಬರೆದು ಖಂಡಿಸಿದರು. ಬಂದಿನಿಯರಿಗೆ ಬೀಳುತ್ತಿದ್ದ ಹೊಡೆತ ನಿಲ್ಲಬೇಕು, ಊಟ ಸುಧಾರಿಸಬೇಕು ಎಂದು ಉಪವಾಸ ಹೂಡಿದರು. ಜೊತೆಯವರೊಡನೆ ಹಾಡಿ ಅವರಿಗೆ ಧೈರ್ಯ ತುಂಬಿದರು. 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರಲ್ಲವೇ! ಇದನ್ನು ಬರಿಯ ಕಾಲಕ್ಷೇಪವೆನ್ನಲಾಗದು. ಅರ್ಜಿ ಬರೆಯಲು ಬಾರದ, ಕೇಳಲು ಯಾರೂ ಬಾರದ ಹೆಂಗಸಿಗೆ ಹಾಡೊಂದರಲ್ಲಾದರೂ ತನ್ನ ದನಿ ತನಗೆ ಕೇಳಿಸುತ್ತದೆ.

ಆರೋಗ್ಯ ಪೂರಾ ಕೆಟ್ಟಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅದೇ ವರ್ಷ ದಿನಚರಿ ಪುಸ್ತಕವಾಗಿ ಬಂತು. ಮಗಳು ನಂದನಾ ರೆಡ್ಡಿಯವರು ಮುಂದೆ ದುಡಿಯುವ ಮಕ್ಕಳ ಹಕ್ಕಿಗಾಗಿ ಕೆಲಸ ಮಾಡಿದರು. ಆ ಹಳೆಯ ಸೆರೆಮನೆಯ ಜಾಗ ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಕೂಡುವವರು ಅಲ್ಲಿಗೇ ಬರುತ್ತಾರೆ.