ದಿಲ್ಲಿಗೆ 922 ಮೈಲಿ, ಗಂಟೆ ಎಷ್ಟು?

ಎರಡು ಊರಿನ ಹೆಸರು ಕೊಟ್ಟರೆ ವಿಮಾನದ ದೂರವನ್ನು ಮೊಬೈಲೇ ಹೇಳುತ್ತದೆ, ನಿಜ. ಆದರೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದ ನನಗೆ ಬೆಂಗಳೂರು–ದಿಲ್ಲಿ ಲೆಕ್ಕವನ್ನು ಕಾಗದದ ಮೇಲೆ ಹಾಕುವುದರಲ್ಲೇ ಖುಷಿ. ಮೇಷ್ಟ್ರ ಚಟ ಎನ್ನಿ.

ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಅಕ್ಷಾಂಶ ಕಳೆದರೆ ಸಾಕು. ದೇವನಹಳ್ಳಿಯ ನಿಲ್ದಾಣ 13 ಡಿಗ್ರಿ 12 ನಿಮಿಷ ಉತ್ತರಕ್ಕಿದೆ, ದಿಲ್ಲಿಯದು 28 ಡಿಗ್ರಿ 34 ನಿಮಿಷ. ವ್ಯತ್ಯಾಸ 15 ಡಿಗ್ರಿ 22 ನಿಮಿಷ. ಡಿಗ್ರಿಗೆ 60 ನಿಮಿಷದಂತೆ ಒಟ್ಟು 922. ಮಜಾ ಇರುವುದು ಇಲ್ಲೇ: ಅಕ್ಷಾಂಶದ ಒಂದು ನಿಮಿಷವೇ ಒಂದು ನಾಟಿಕಲ್ ಮೈಲಿ! ಲೆಕ್ಕ ಮುಗಿದೇ ಹೋಯಿತು. 1.852ರಿಂದ ಗುಣಿಸಿದರೆ ಸುಮಾರು 1,708 ಕಿಲೋಮೀಟರ್. ಪೈಲಟ್‌ಗಳು ಇಂದಿಗೂ ಬಳಸುವುದು ಇದೇ ಮೈಲಿಯನ್ನು.

ಊರುಗಳು ಓರೆಯಾಗಿದ್ದರೆ ಸೈನು, ಕೊಸೈನು ಬೇಕಾಗುತ್ತವೆ. ಅದರ ಗೊಡವೆ ಬೇಡವೆಂದರೆ ಗ್ಲೋಬಿನ ಮೇಲೆ ದಾರ ಹಿಡಿಯಿರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ನಿಲ್ಲುವುದಿಲ್ಲ. ಜಾರುತ್ತಾ ಜಾರುತ್ತಾ ಸೈಬೀರಿಯಾದ ಉತ್ತರದಂಚಿಗೆ ಹೋಗಿ ಕೂರುತ್ತದೆ. ಆ ದಾರಿ ಸುಮಾರು 14,000 ಕಿಲೋಮೀಟರ್. ಗೋಡೆಯ ನಕ್ಷೆ ನೋಡಿದವರು ಇದನ್ನು ನಂಬುವುದೇ ಇಲ್ಲ.

ದೂರವೇನೋ ಹೀಗೆ ಸಿಕ್ಕಿಬಿಡುತ್ತದೆ. ಹೊತ್ತು ಅಷ್ಟು ಸಲೀಸಲ್ಲ. ಗಂಟೆಗೆ 850 ಕಿಲೋಮೀಟರ್ ಎಂದು ಹಿಡಿದರೆ ದಿಲ್ಲಿ ಎರಡೇ ಗಂಟೆ. ಟಿಕೆಟ್ಟಿನಲ್ಲಿ ಎರಡೂಮುಕ್ಕಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಟಿಕೆಟ್ಟಿನ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಅಲ್ಲಿ ಹೋಗಿ ನಿಂತಾಗ. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇ ತನಕ ತೆವಳುವುದು, ಸರದಿಗೆ ಕಾಯುವುದು, ಏರುವಾಗ ಇಳಿಯುವಾಗಿನ ನಿಧಾನ, ದಿಲ್ಲಿಯ ಮೇಲೆ ಸುತ್ತು ಹೊಡೆಯುವುದು, ಎಲ್ಲವೂ ಅದರಲ್ಲೇ. ಹೊತ್ತಿಗೆ ಮುಂಚೆ ಬಂದೆವೆಂದು ಪೈಲಟ್ ಹೇಳಿದಾಗ ನಾನಂತೂ ಬೆರಗಾಗುವುದಿಲ್ಲ. ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನು ಮೊದಲೇ ಸೇರಿಸಿಟ್ಟಿರುತ್ತಾರೆ.

ಮೇಲೆ ಗಾಳಿಯದೇ ಕಾರುಬಾರು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಎದುರಾದರೆ ತಡ, ಬೆನ್ನಿಗೆ ಬಂದರೆ ಬೇಗ. ಹಾಗಾಗಿಯೇ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬೆಂಗಳೂರಿಗೆ ಬರುವುದು ಸಾಮಾನ್ಯವಾಗಿ ಬೇಗ. ರಾಜಕೀಯವೂ ಅಡ್ಡ ಬರುತ್ತದೆ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೊರಟವು ಅರಬ್ಬಿ ಸಮುದ್ರದ ಕಡೆಗೆ ಬಳಸಿ ಹೋಗಬೇಕಾಯಿತು. ದಾರಕ್ಕೆ ಗಡಿ ಗೊತ್ತಿಲ್ಲವಲ್ಲ.

ಇನ್ನು ಗಡಿಯಾರ. "ಮೇಷ್ಟ್ರೇ, ಶನಿವಾರ ರಾತ್ರಿ ಅಮೆರಿಕದಲ್ಲಿ ಹತ್ತಿದ ಹುಡುಗ ಸೋಮವಾರ ಬರ್ತಾನಂತೆ, ಎರಡು ದಿನ ಹಾರ್ತಾನೇನ್ರೀ?" ಎಂದು ಪಕ್ಕದ ಮನೆಯಾಕೆ ಕೇಳಿದ್ದರು. ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದದ್ದನ್ನೇ ಉದಾಹರಣೆ ಕೊಟ್ಟೆ. ಹೊರಟದ್ದು ಶನಿವಾರ 9ರ ರಾತ್ರಿ ಸುಮಾರು ಎಂಟೂವರೆಗೆ. ಹದಿನೇಳು ಗಂಟೆ ಕೂಡಿಸಿದರೆ ಅಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ; ಅದನ್ನೂ ಕೂಡಿಸಿದರೆ ಇಲ್ಲಿ ಸೋಮವಾರ ಬೆಳಗಿನ ಜಾವ ಮೂರು. "ಹಾಗಾದ್ರೆ ಕ್ಯಾಬಿಗೆ ಭಾನುವಾರ ರಾತ್ರೀನೇ ಹೇಳಿಡ್ಬೇಕು," ಎಂದರು ಆಕೆ. ಲೆಕ್ಕ ಸರಿಯಾಗಿತ್ತು.