ವಾದವನ್ನು ಓದುವ ಅಭ್ಯಾಸ: ಹಂಪಿಯ ಒಂದು ನಿದರ್ಶನ

ನೆಟ್ ಪರೀಕ್ಷೆಯ ಮೊದಲನೆಯ ಪತ್ರಿಕೆಯಲ್ಲಿ ಗದ್ಯಗ್ರಹಣಕ್ಕೂ ತರ್ಕಕ್ಕೂ ಸ್ಥಾನವುಂಟು. 2024ರಿಂದ ಅದರ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೂ ಗಣನೆಗೆ ಬರುತ್ತಿರುವುದರಿಂದ ವಿದ್ಯಾರ್ಥಿಗಳ ಆತಂಕ ಸಹಜವೇ. ಆದರೆ ಮಾದರಿ ಉತ್ತರಗಳ ಕಂಠಪಾಠದಿಂದ ಈ ಶಕ್ತಿ ಬಾರದು. ವಿದ್ವಲ್ಲೋಕದಲ್ಲಿ ನಿಜವಾಗಿ ಚರ್ಚೆಗೆ ಬಂದ ವಾದವೊಂದನ್ನು ಬಿಡಿಸಿ ನೋಡುವುದು ಮೇಲು.

ಹಂಪಿ ಬಜಾರಿನಲ್ಲಿ ಎದುರು ಬಸವಣ್ಣನ ಬಳಿ ನಿಂತು ಪಶ್ಚಿಮಕ್ಕೆ ನೋಡಿದರೆ ವಿರೂಪಾಕ್ಷನ ಗೋಪುರ ಕಾಣುತ್ತದೆ. ಈ ಶೈವ ದೇವಾಲಯ ಉಳಿದಿದೆ; ವೈಷ್ಣವವಾದ ವಿಠ್ಠಲ, ಕೃಷ್ಣ ದೇವಾಲಯಗಳು ಭಗ್ನವಾಗಿವೆ; ಆದುದರಿಂದ 1565ರ ಬಳಿಕ ಇವನ್ನು ಕೆಡವಿದವರು ಸುಲ್ತಾನರ ಸೈನಿಕರಲ್ಲ, ಶೈವರೇ ಎಂದು ಕೆಲವರು ವಾದಿಸುವುದುಂಟು. ಮೇಲ್ನೋಟಕ್ಕೆ ಇದು ಬಿಗಿಯಾದ ಮಾತು. ಇಲ್ಲಿ ಹೇತು ಯಾವುದು, ಪ್ರತಿಜ್ಞೆ ಯಾವುದು ಎಂಬುದು ಸ್ಪಷ್ಟ. ಹೇಳದೆ ಅಡಗಿಸಿಟ್ಟ ಮಾತು ಯಾವುದು? ಇಂದು ನಿಂತಿರುವುದು ಅಂದೂ ಅಕ್ಷತವಾಗಿತ್ತು ಎಂಬುದೊಂದು. ವಿರೂಪಾಕ್ಷ ದೇವಾಲಯದಲ್ಲಿ ಪೂಜೆ ನಡೆದುಬಂದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದರ ಗೋಪುರಗಳ ಜೀರ್ಣೋದ್ಧಾರವೂ ಆಯಿತು. ಪೂಜೆ ನಿಂತ ಗುಡಿಗೆ ಆ ಭಾಗ್ಯವಿಲ್ಲ; ನಿಧಿಗಳ್ಳರ ಗುದ್ದಲಿಗೂ ಅದು ಸುಲಭದ ತುತ್ತು. ಹಾಗಾದರೆ ಭಗ್ನತೆಯೆಲ್ಲ ಒಂದೇ ಕಾಲದ್ದು, ಒಂದೇ ಕೈಯದ್ದು ಎನ್ನಲು ಆಧಾರವೇನು? ಅಲ್ಲದೆ ಹಜಾರರಾಮ ದೇವಾಲಯ ವೈಷ್ಣವವಾಗಿದ್ದೂ ಬಹುಮಟ್ಟಿಗೆ ನಿಂತಿದೆ. ನೈಯಾಯಿಕರು ಇದನ್ನೇ ವ್ಯಭಿಚಾರವೆಂದಾರು.

ಎಚ್ಚರಿಕೆಯೊಂದು: ವಾದ ದುರ್ಬಲವೆಂದು ತೋರಿಸಿದ ಮಾತ್ರಕ್ಕೆ ಅದರ ಪ್ರತಿಪಕ್ಷ ಸಿದ್ಧವಾಗದು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ರಾಬರ್ಟ್ ಸೀವೆಲ್ ವಿಜಯೀ ಸೈನ್ಯಗಳು ಐದು ತಿಂಗಳು ಬಿಡುವಿಲ್ಲದೆ ನಗರವನ್ನು ನಾಶಮಾಡಿದುವೆಂದು ರೋಮಾಂಚಕಾರಿಯಾಗಿ ಬರೆದನು. ಆದರೆ 1567ರಲ್ಲಿ ಬಂದು ಏಳು ತಿಂಗಳು ಇಲ್ಲಿ ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ನಗರ ಸಂಪೂರ್ಣ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ ಎನ್ನುತ್ತಾನೆ. ಈ ಸಾಕ್ಷ್ಯವನ್ನು ಸೀವೆಲ್ಲನೇ ಉದ್ಧರಿಸಿದ್ದಾನೆ! ಕೊಳ್ಳೆಯನ್ನು ಈ ವರ್ತಕನೂ ಅಲ್ಲಗಳೆಯುವುದಿಲ್ಲ. ಅವನ ಮಾತಿನಿಂದ ಕುಗ್ಗುವುದು ನಾಶದ ವ್ಯಾಪ್ತಿಯಷ್ಟೆ. ‘ಈ ಸಾಕ್ಷ್ಯ ವಾದವನ್ನು ಖಂಡಿಸುತ್ತದೆ’, ‘ಮಿತಿಗೊಳಿಸುತ್ತದೆ’ ಎಂಬೆರಡು ಉತ್ತರಗಳು ಅಕ್ಕಪಕ್ಕದಲ್ಲಿದ್ದಾಗ ಎರಡನೆಯದನ್ನು ಆರಿಸಲು ಈ ವಿವೇಕ ಬೇಕು.

ತರಗತಿಯಲ್ಲಿ ಅಧ್ಯಾಪಕರು ಇಂಥ ಒಂದು ಪುಟವನ್ನು ಕೊಟ್ಟು, ಲೇಖಕನು ಕಂಡದ್ದು, ಊಹಿಸಿದ್ದು, ಹೇಳದೆ ಬಿಟ್ಟದ್ದು ಇವನ್ನು ಬೇರೆ ಬೇರೆಯಾಗಿ ಬರೆಯಿಸಬಹುದು. ಗಂಟೆಗೊಂದೇ ಪುಟ ಸಾಗಿದರೂ ಸಾಕು.