ಟೇಪು ಯಾರ ಕೈಗೆ ಹೋದೀತು?

ಉತ್ತರ ಐರ್ಲೆಂಡಿನ ಹಿಂಸಾಚಾರದ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರಿಗೆ ಕ್ಯಾಮೆರಾದ ಚಿಂತೆಗಿಂತ ಮೊದಲು ಬರುವುದು ಕಾಗದಪತ್ರದ ಚಿಂತೆ. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಒಪ್ಪಂದದವರೆಗೆ ಅಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಕೊಲೆಗಳಲ್ಲಿ ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಹಾಗಾಗಿ ಕ್ಯಾಮೆರಾ ಮುಂದೆ ಕೂತು ಹಳೆಯದನ್ನು ನೆನೆಯುವವರ ಮಾತು ನಾಳೆ ಕೋರ್ಟಿನಲ್ಲಿ ಸಾಕ್ಷ್ಯವೂ ಆಗಬಹುದು.

ಇದು ಬರೀ ಊಹೆಯಲ್ಲ. ಅಮೆರಿಕದ ಬಾಸ್ಟನ್ ಕಾಲೇಜಿನ ಯೋಜನೆಯೊಂದು 2001ರಿಂದ 2006ರವರೆಗೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ ಐಆರ್‌ಎಯ ಮಾಜಿ ಸದಸ್ಯರನ್ನೂ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಎದುರು ಪಾಳೆಯದ ಲಾಯಲಿಸ್ಟರನ್ನೂ ಮಾತಾಡಿಸಿ ಧ್ವನಿಮುದ್ರಿಸಿತು. ನೀವು ಬದುಕಿರುವವರೆಗೆ ಇದು ಹೊರಬೀಳುವುದಿಲ್ಲ ಎಂದು ಅವರಿಗೆ ಭರವಸೆ ಕೊಡಲಾಗಿತ್ತು. ಆದರೆ 2011ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಅಮೆರಿಕ ಸರ್ಕಾರದ ಮೂಲಕ ಸಮನ್ಸ್ ಹೊರಡಿಸಿದರು. ಎರಡು ವರ್ಷದ ಕಾನೂನು ಜಗ್ಗಾಟದ ನಂತರ ಕೆಲವು ಟೇಪುಗಳು ಅವರ ಕೈಸೇರಿದವು. ಆ ಟೇಪುಗಳಲ್ಲಿ ಪ್ರಸ್ತಾಪವಾಗಿದ್ದ, 1972ರಲ್ಲಿ ನಡೆದ ಜೀನ್ ಮೆಕಾನ್ವಿಲ್ ಎಂಬ ಮಹಿಳೆಯ ಕೊಲೆಯ ಬಗ್ಗೆ 2014ರಲ್ಲಿ ಪೊಲೀಸರು ಐರ್ಲೆಂಡ್ ಒಂದಾಗಬೇಕೆನ್ನುವ ಶಿನ್ ಫೇನ್ ಪಕ್ಷದ ನಾಯಕ ಜೆರಿ ಆಡಮ್ಸ್ ಅವರನ್ನು ದಿನಗಟ್ಟಲೆ ವಿಚಾರಿಸಿದರು. ಆರೋಪ ಹೊರಿಸದೆ ಬಿಟ್ಟರು.

ಆದ್ದರಿಂದ ಸಂದರ್ಶನಕ್ಕೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆಪತ್ರದಲ್ಲಿ ‘ಗುಟ್ಟಾಗಿ ಇಡುತ್ತೇವೆ’ ಎಂದು ಬರೆದು ಕೈತೊಳೆದುಕೊಂಡರೆ ಸಾಲದು; ಕಾನೂನು ಬಿಟ್ಟಷ್ಟು ಮಾತ್ರ ಎಂದೂ ಬರೆಯಬೇಕು. ನಿಮ್ಮದೇ ವಕೀಲರನ್ನು ಕೇಳಿಕೊಂಡು ಬನ್ನಿ ಎಂದು ಮಾತಾಡುವವರಿಗೆ ಹೇಳಬೇಕು. ಚಿತ್ರದಲ್ಲಿ ಬಳಸದೆ ಬಿಟ್ಟ ಫೂಟೇಜನ್ನೂ ಪೊಲೀಸರು ಕೇಳಬಹುದು. ಎಡಿಟಿಂಗ್‌ನಲ್ಲಿ ತೆಗೆದ ಹೆಸರು ಹಾರ್ಡ್ ಡಿಸ್ಕಿನಲ್ಲಿ ಹಾಗೆಯೇ ಕೂತಿರುತ್ತದಲ್ಲ.

ಚಿತ್ರ ಮಾಡಿದವರೇ ಸಿಕ್ಕಿಬೀಳುವುದೂ ಉಂಟು. 1994ರ ಜೂನ್ 18ರಂದು ಲಾಕಿನ್‌ಐಲೆಂಡ್ ಹಳ್ಳಿಯ ಪಬ್ಬಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನೋಡುತ್ತಿದ್ದ ಆರು ಮಂದಿಯನ್ನು ಗುಂಡಿಟ್ಟು ಕೊಂದರು. ಈ ಬಗ್ಗೆ ನಿರ್ದೇಶಕ ಅಲೆಕ್ಸ್ ಗಿಬ್ನಿ 2017ರಲ್ಲಿ ಸಾಕ್ಷ್ಯಚಿತ್ರ ‘ನೋ ಸ್ಟೋನ್ ಅನ್‌ಟರ್ನ್ಡ್’ ಮಾಡಿದರು; ಶಂಕಿತರ ಹೆಸರನ್ನೂ ಹೇಳಿದರು. ಮರುವರ್ಷ ಬಂಧನಕ್ಕೊಳಗಾದವರು ಶಂಕಿತರಲ್ಲ, ಚಿತ್ರಕ್ಕೆ ದುಡಿದ ಪತ್ರಕರ್ತರಾದ ಟ್ರೆವರ್ ಬರ್ನಿ ಮತ್ತು ಬ್ಯಾರಿ ಮೆಕ್ಯಾಫ್ರಿ. ಸೋರಿಕೆಯಾದ ದಾಖಲೆ ಅವರಿಗೆ ಸಿಕ್ಕಿತ್ತೆಂಬುದು ಕಾರಣ. ಸರ್ಚ್ ವಾರಂಟು ಸರಿಯಲ್ಲವೆಂದು ಬೆಲ್‌ಫಾಸ್ಟ್ ನ್ಯಾಯಾಲಯ ಹೇಳಿತು. 2020ರಲ್ಲಿ ಪೊಲೀಸರು 8,75,000 ಪೌಂಡ್ ಪರಿಹಾರ ತೆರಬೇಕಾಯಿತು. ನಮ್ಮಲ್ಲಿ ಸಾಕ್ಷ್ಯಚಿತ್ರದವರು ಸೆನ್ಸಾರ್ ಮಂಡಳಿಗೆ ಹೆದರುತ್ತಾರೆ. ಅಲ್ಲಿ ಆ ಕತ್ತರಿಯ ಕೆಲಸ ಬಹುಪಾಲು ಲಾಯರ್ ಮೇಜಿನ ಮೇಲೆ ಮುಗಿಯುತ್ತದೆ: ಸ್ಕ್ರಿಪ್ಟಿನ ಒಂದೊಂದು ಸಾಲಿಗೂ ಆಧಾರ ತೋರಿಸಬೇಕು, ಆರೋಪ ಹೊತ್ತವರಿಗೆ ಉತ್ತರಿಸಲು ಅವಕಾಶ ಕೊಡಬೇಕು.

ಎರಡೂ ಕಡೆಯವರಿಗೆ ಸಮಸಮ ನಿಮಿಷ ಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು 1985ರ ಬಿಬಿಸಿಯ ‘ರಿಯಲ್ ಲೈವ್ಸ್’ ಸರಣಿಯ ಕಥೆ ಕೇಳಬೇಕು. ಅದರ ಒಂದು ಕಂತಿನಲ್ಲಿ ಶಿನ್ ಫೇನ್ ಪಕ್ಷದ ರಿಪಬ್ಲಿಕನ್ ಮಾರ್ಟಿನ್ ಮೆಕ್‌ಗಿನಿಸ್ ಮತ್ತು ಬ್ರಿಟನ್ ಪರ ಯೂನಿಯನಿಸ್ಟ್ ಗ್ರೆಗರಿ ಕ್ಯಾಂಪ್‌ಬೆಲ್ ಇಬ್ಬರನ್ನೂ ಅವರವರ ಮನೆಮಂದಿಯ ಜೊತೆ ತೋರಿಸಲಾಗಿತ್ತು. ತಕ್ಕಡಿ ತೂಗಿದಂತಿದ್ದರೂ ಬ್ರಿಟನ್ನಿನ ಗೃಹ ಸಚಿವರು ತಕರಾರೆತ್ತಿದರು, ಬಿಬಿಸಿಯ ಆಡಳಿತ ಮಂಡಳಿ ಪ್ರಸಾರ ತಡೆಯಿತು, ಪತ್ರಕರ್ತರು ಒಂದು ದಿನ ಮುಷ್ಕರ ಹೂಡಿದರು. ಸಣ್ಣ ಬದಲಾವಣೆಯೊಂದಿಗೆ ಆ ವರ್ಷವೇ ಅದು ಪ್ರಸಾರವಾಯಿತು. ಬಂದೂಕಿನ ಪರ ಮಾತಾಡುವವನು ಮಗುವನ್ನು ಎತ್ತಿಕೊಂಡು ಕಾಣಿಸುವುದೇ ಕೆಲವರಿಗೆ ಸಹಿಸಲಾಗದ ಮಾತು. ನನಗನ್ನಿಸುವುದು, ಚಿತ್ರಕ್ಕೆ ಬೇಕಾದದ್ದು ಆ ದೃಶ್ಯವೇ.

ಹಳೆಯ ಫೂಟೇಜ್ ತೆಗೆದುಕೊಳ್ಳುವಾಗಲೂ ಎಚ್ಚರ ಬೇಕು. 1988ರಿಂದ 1994ರವರೆಗೆ ಬ್ರಿಟನ್ನಿನಲ್ಲಿ ಶಿನ್ ಫೇನ್ ಮತ್ತಿತರ ಸಂಘಟನೆಗಳ ಪ್ರತಿನಿಧಿಗಳ ದನಿ ಪ್ರಸಾರ ಮಾಡುವಂತಿರಲಿಲ್ಲ. ಟಿವಿಯವರು ನಟರಿಂದ ಡಬ್ ಮಾಡಿಸಿದರು. ಆಡಮ್ಸ್ ಅವರ ತುಟಿಗೆ ನಟ ಸ್ಟೀಫನ್ ರೀ ದನಿ ಕೊಟ್ಟದ್ದುಂಟು. ಗಡಿಯಾಚೆ ಐರ್ಲೆಂಡ್ ಗಣರಾಜ್ಯದ ಪ್ರಸಾರ ಸಂಸ್ಥೆ ಆರ್‌ಟಿಇಯಲ್ಲಂತೂ 1994ರವರೆಗೆ ಶಿನ್ ಫೇನ್ ವಕ್ತಾರರ ಸಂದರ್ಶನಕ್ಕೇ ನಿಷೇಧ. ಆ ವರ್ಷಗಳ ಕ್ಲಿಪ್ಪಿಗೆ ಹಣ ಕಟ್ಟುವ ಮುನ್ನ ದನಿ ಯಾರದೆಂದು ಕೇಳಿ. ಚಿತ್ರೋತ್ಸವಗಳಲ್ಲಿ ತೋರಿಸಲು, ಟಿವಿಗೆ, ಆನ್‌ಲೈನಿಗೆ ಹಕ್ಕು ಬೇರೆಬೇರೆ, ದರವೂ ಬೇರೆ.

ಪ್ರಸಾರಕ್ಕೆ ಮುಂಚೆ ಇನ್ನೊಂದು ಕೆಲಸವಿದೆ. ಹಳೆಯ ದುರಂತವನ್ನು ತೋರಿಸುವುದಾದರೆ ಬದುಕುಳಿದವರಿಗೂ ಮೃತರ ಹತ್ತಿರದ ಸಂಬಂಧಿಕರಿಗೂ ಸಾಧ್ಯವಾದ ಮಟ್ಟಿಗೆ ಮೊದಲೇ ತಿಳಿಸಬೇಕೆನ್ನುತ್ತದೆ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಸಂಹಿತೆ. ಘಟನೆ ಊರಿಗೆಲ್ಲ ಗೊತ್ತಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಎಡಿಟಿಂಗ್ ಮುಗಿಯುವ ತನಕ ಕಾಯದೆ ಹೀಗೆ ತಿಳಿಸಬೇಕಾದವರ ಪಟ್ಟಿಯನ್ನು ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ವಿಳಾಸ ಹುಡುಕಲು ತಿಂಗಳುಗಳೇ ಹಿಡಿಯಬಹುದು.